ಸೂರು ತೆಗೆದ ಸಾರೋಟುಗಳು



ಹೆದ್ದಾರಿಯಲ್ಲಿ ಹೋಗುವಾಗ ನೀವೆಲ್ಲ ಒಮ್ಮೆಯಾದರೂ ಈ ನೋಟ ನೋಡಿರುತ್ತೀರಿ. ಮೈಯೇ ಇಲ್ಲದ ಲಾರಿಯೊಂದು ಓಡುತ್ತಿರುತ್ತದೆ. ಎರಡು ಉದ್ದನೆಯ ಉಕ್ಕಿನ ತೊಲೆ, ಕೆಳಗೆ ಚಕ್ರ, ಮುಂದೆ ಎಂಜಿನ್, ಸ್ಟೇರಿಂಗಿನ ಹಿಂದೆ ತಾತ್ಕಾಲಿಕವಾದ ಒಂದು ಸೀಟು. ತಲೆ, ಮುಖಕ್ಕೆಲ್ಲ ಬಟ್ಟೆ ಸುತ್ತಿಕೊಂಡ ಡ್ರೈವರ್ ಬಿಸಿಲು ಗಾಳಿಗೆ ಮೈಯೊಡ್ಡಿ ಕೂತಿರುತ್ತಾನೆ. ಅದು ಕಾರ್ಖಾನೆಯಿಂದ ಬಾಡಿ ಕಟ್ಟುವವರ ಶೆಡ್ಡಿಗೆ ಹೊರಟ ಚಾಸಿ. ಕಂಪನಿ ಚಾಸಿ ಕೊಡುತ್ತದೆ, ಬಾಡಿಯನ್ನು ಮಾಲೀಕ ತನಗೆ ಬೇಕಾದಂತೆ ಕಟ್ಟಿಸಿಕೊಳ್ಳುತ್ತಾನೆ.

ನೂರು ವರ್ಷಗಳ ಹಿಂದೆ ಜಗತ್ತಿನ ಅತ್ಯಂತ ದುಬಾರಿ ಕಾರುಗಳು ಮಾರಾಟವಾಗುತ್ತಿದ್ದುದೂ ಹೀಗೆಯೇ ಎಂದರೆ ಹಲವರಿಗೆ ಆಶ್ಚರ್ಯವಾದೀತು. ಇಂಗ್ಲೆಂಡಿನ ಡರ್ಬಿಯಲ್ಲಿದ್ದ ರೋಲ್ಸ್‌ರಾಯ್ಸ್ ಕಾರ್ಖಾನೆಯಿಂದ ಎರಡನೆಯ ಮಹಾಯುದ್ಧದವರೆಗೂ ಹೊರಬೀಳುತ್ತಿದ್ದದ್ದು ಪೂರ್ತಿ ಕಾರಲ್ಲ, ಚಾಸಿ ಮಾತ್ರ. ಅದನ್ನು ಕೊಂಡ ಶ್ರೀಮಂತ ಲಂಡನ್ನಿನ ಬಾರ್ಕರ್, ಹೂಪರ್, ಪಾರ್ಕ್ ವಾರ್ಡ್, ಎಚ್.ಜೆ. ಮುಲಿನರ್ ಮೊದಲಾದ ಬಾಡಿ ಕಟ್ಟುವವರಲ್ಲಿ ಒಬ್ಬರ ಬಳಿಗೆ ಕಳಿಸುತ್ತಿದ್ದ. ದರ್ಜಿಯ ಹತ್ತಿರ ಕೋಟು ಹೊಲಿಸಿಕೊಂಡಷ್ಟೇ ಸಹಜವಾದ ವ್ಯವಹಾರ ಅದು. ಬೇಸಿಗೆಗೆಂದು ತೆರೆದ ಬಾಡಿ, ಚಳಿಗಾಲಕ್ಕೆಂದು ಮುಚ್ಚಿದ ಬಾಡಿ ಹೀಗೆ ಒಂದೇ ಚಾಸಿಗೆ ಎರಡು ಬಾಡಿ ಮಾಡಿಸಿಟ್ಟುಕೊಂಡು ಋತುವಿಗೆ ತಕ್ಕಂತೆ ಬದಲಾಯಿಸುತ್ತಿದ್ದವರೂ ಉಂಟು.

ಈ ಕಸುಬಿನವರು ಮೋಟಾರಿನೊಂದಿಗೆ ಹುಟ್ಟಿದವರಲ್ಲ. ಬಾರ್ಕರ್, ಹೂಪರ್ ಇಬ್ಬರೂ ಅದಕ್ಕೆ ಬಹಳ ಮೊದಲೇ ಕುದುರೆ ಸಾರೋಟು ಕಟ್ಟುತ್ತಿದ್ದ ಮನೆತನಗಳು. ಕುದುರೆ ಹೋಗಿ ಎಂಜಿನ್ ಬಂದಾಗ ಅವರು ಕಸುಬು ಬಿಡಲಿಲ್ಲ, ಹೆಸರುಗಳನ್ನೂ ಬಿಡಲಿಲ್ಲ. ಹಿಂಭಾಗದ ಸೂರನ್ನಷ್ಟೇ ಮಡಿಸಬಹುದಾದ ಲ್ಯಾಂಡೊಲೆಟ್ ಎಂಬ ಕಾರಿಗೆ ಜರ್ಮನಿಯ ಲಂಡಾವ್ ಊರಿನ ಹೆಸರಿನ ಸಾರೋಟು ಮೂಲ. ಕ್ಯಾಬ್ರಿಯೊಲೆ ಎಂದರೆ ಆಡಿನ ಮರಿಯಂತೆ ಕುಪ್ಪಳಿಸುವ ಹಗುರ ಗಾಡಿ. ನಾವು ದಿನವೂ ಬಳಸುವ ‘ಡಿಕ್ಕಿ’ ಎಂಬ ಮಾತೂ ಅಲ್ಲಿಂದಲೇ ಬಂದದ್ದು. ಇಬ್ಬರು ಕೂರುವ ತೆರೆದ ಕಾರಿನ ಹಿಂಬದಿಯಲ್ಲಿ ಮುಚ್ಚಳ ಎತ್ತಿದರೆ ಮೂರನೆಯವರಿಗೆ ಒಂದು ಸೀಟು ಸಿಗುತ್ತಿತ್ತು. ಅದರ ಹೆಸರು ಡಿಕ್ಕಿ. ಆ ಸೀಟು ಮಾಯವಾಗಿ ಎಷ್ಟೋ ಕಾಲವಾದರೂ ಸಾಮಾನು ತುಂಬುವ ಜಾಗಕ್ಕೆ ನಮ್ಮ ದೇಶದಲ್ಲಿ ಆ ಹೆಸರು ಅಂಟಿಕೊಂಡೇ ಇದೆ.

ಸೂರು ಯಾರಿಗೆ ಉಂಟು, ಯಾರಿಗೆ ಇಲ್ಲ ಎಂಬುದರಲ್ಲೂ ಆ ಕಾಲದ ಸಮಾಜ ಕಾಣುತ್ತದೆ. ಸೆಡಾಂಕಾ ಎಂಬ ಮಾದರಿಯಲ್ಲಿ ಯಜಮಾನ ಹಿಂದೆ ಬೆಚ್ಚಗೆ ಮುಚ್ಚಿದ ಕೋಣೆಯಲ್ಲಿ ಕೂರುತ್ತಿದ್ದ, ಮುಂದೆ ಡ್ರೈವರ್ ಆಕಾಶದ ಕೆಳಗೆ. ನಮ್ಮ ಸಂಸ್ಥಾನಗಳಲ್ಲಿ ಇದು ತಿರುವುಮುರುವಾಗುತ್ತಿತ್ತು. ಪ್ರಜೆಗಳಿಗೆ ದರ್ಶನ ಕೊಡಲು, ಮೆರವಣಿಗೆಗೆ, ಬೇಟೆಗೆ ರಾಜರಿಗೆ ಬೇಕಾದದ್ದು ತೆರೆದ ಕಾರು. ರಾಣಿವಾಸದ ಕಾರಿಗಾದರೋ ಮುಚ್ಚಿದ ಬಾಡಿ, ಕಿಟಕಿಗೆ ಪರದೆ. ಇಂಥ ಬಾಡಿಗಳೆಲ್ಲ ಲಂಡನ್ನಿನಿಂದಲೇ ಬರಬೇಕೆಂದೇನೂ ಇರಲಿಲ್ಲ. ಮದರಾಸಿನ ಸಿಂಪ್ಸನ್ ಕಂಪನಿ 1840ರಲ್ಲಿ ಶುರುವಾದದ್ದೇ ಕುದುರೆಗಾಡಿಯ ಕೆಲಸಕ್ಕೆ. ಮುಂದೆ ಅದು ಮೋಟಾರಿನ ಬಾಡಿಗೂ ಕೈಹಾಕಿತು. ಅರಮನೆಗಳ ಸ್ವಂತ ಗ್ಯಾರೇಜುಗಳಲ್ಲೂ ಬಾಡಿ ಬಿಚ್ಚುವ, ಬದಲಿಸುವ ಕೆಲಸ ನಡೆಯುತ್ತಿತ್ತು.

ಹೀಗೆ ಬದಲಿಸಲು ಸಾಧ್ಯವಾದದ್ದು ಹೇಗೆ ಎಂಬುದೇ ಮುಖ್ಯವಾದ ವಿಷಯ. ಆ ಕಾಲದ ಕಾರಿನಲ್ಲಿ ಭಾರ ಹೊರುತ್ತಿದ್ದದ್ದು ಚಾಸಿ. ಬಾಡಿಯೆಂದರೆ ಆಶ್ ಎಂಬ ಗಟ್ಟಿ ಮರದ ಚೌಕಟ್ಟು, ಅದರ ಮೇಲೆ ಬಡಿದು ಬಾಗಿಸಿದ ಅಲ್ಯೂಮಿನಿಯಂ ತಗಡು. ತಗಡನ್ನು ಮರಳುಚೀಲದ ಮೇಲಿಟ್ಟು ಕೊಡತಿಯಿಂದ ಬಡಿದು, ಎರಡು ಉಕ್ಕಿನ ಗಾಲಿಗಳ ನಡುವೆ ಹಿಂದೆ ಮುಂದೆ ಉರುಳಿಸಿ ನುಣುಪು ಮಾಡುತ್ತಿದ್ದರು. ಬಾಡಿ ಕೇವಲ ಉಡುಪು, ಮೂಳೆಯೆಲ್ಲ ಕೆಳಗಿತ್ತು. ಸೂರು ಇದ್ದರೂ ಅಷ್ಟೇ, ತೆಗೆದರೂ ಅಷ್ಟೇ, ಕಾರು ಕುಸಿಯುತ್ತಿರಲಿಲ್ಲ.

ಯುದ್ಧದ ನಂತರ ಕಾಲ ಬದಲಾಯಿತು. 1946ರಲ್ಲಿ ರೋಲ್ಸ್‌ರಾಯ್ಸ್ ಕಂಪನಿ ತನ್ನ ಒಡೆತನದ ಬೆಂಟ್ಲಿ ಹೆಸರಿನಲ್ಲಿ ಮೊದಲ ಬಾರಿಗೆ ಅಚ್ಚಿನಲ್ಲಿ ಒತ್ತಿದ ಉಕ್ಕಿನ ಬಾಡಿ ಕೂರಿಸಿ ಪೂರ್ತಿ ಕಾರನ್ನೇ ಮಾರಿತು. ಕೈಯಲ್ಲಿ ಕಟ್ಟಿದ ಬಾಡಿಗಿಂತ ಅದು ಎಷ್ಟೋ ಅಗ್ಗ. ಬಾಡಿ ಕಟ್ಟುವವರ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕತೊಡಗಿದವು. ರಾಜಮನೆತನಕ್ಕೆ ಸಾರೋಟು ಕಟ್ಟಿದ್ದ ಹೂಪರ್ 1959ರಲ್ಲಿ ಬಾಡಿ ಕಟ್ಟುವುದನ್ನು ನಿಲ್ಲಿಸಿತು. ಅದೇ ವರ್ಷ ಮುಲಿನರ್ ಸಂಸ್ಥೆಯನ್ನು ರೋಲ್ಸ್‌ರಾಯ್ಸೇ ಕೊಂಡುಕೊಂಡಿತು.

ಕತ್ತರಿಸುವ ಕಲೆ ಮರ್ಯಾದೆ ಪಡೆದದ್ದು ಈ ಹೊತ್ತಿನಲ್ಲೇ. 1955ರಲ್ಲಿ ಬಂದ ಸಿಲ್ವರ್ ಕ್ಲೌಡ್ ಕಾರಿಗೂ ಉಕ್ಕಿನ ನಾಲ್ಕು ಬಾಗಿಲಿನ ಬಾಡಿ, ಆದರೆ ಕೆಳಗೆ ಪ್ರತ್ಯೇಕವಾದ ಗಟ್ಟಿ ಚಾಸಿ ಇನ್ನೂ ಉಳಿದಿತ್ತು. ತೆರೆದ ಕಾರು ಬೇಕೆಂದವರಿಗೆ ಮೊದಲಿನಿಂದ ಬಾಡಿ ಕಟ್ಟಿದರೆ ಬೆಲೆ ಮುಗಿಲಿಗೇರುತ್ತದೆ. ಹಾಗಾಗಿ ಮುಲಿನರ್ ಕೆಲಸಗಾರರು ಕಾರ್ಖಾನೆಯ ಬಾಡಿಯನ್ನೇ ತಂದು ಸೂರು ಕತ್ತರಿಸಿದರು. ಹಿಂದಿನ ಬಾಗಿಲುಗಳನ್ನು ಇಲ್ಲವಾಗಿಸಿ ಮುಂದಿನವನ್ನು ಉದ್ದ ಮಾಡಿದರು, ಮಡಿಸುವ ಕಮಾನುಗಳ ಮೇಲೆ ಬಟ್ಟೆಯ ಹೊದಿಕೆ ಕೂರಿಸಿದರು. ಇಂಗ್ಲಿಷರು ಇದನ್ನು ಡ್ರಾಪ್‌ಹೆಡ್ ಕೂಪೆ ಎಂದರು. ಗರಗಸ ಹಿಡಿದದ್ದು ಕಾರು ಮಾಡಿದವರ ಮನೆಯವರೇ. ಯಾವ ಚಾಸಿಗೆ ಯಾವ ಬಾಡಿ ಹೋಯಿತೆಂದು ಲೆಕ್ಕವನ್ನೂ ಬರೆದಿಟ್ಟರು.

1965ರಲ್ಲಿ ಸಿಲ್ವರ್ ಶ್ಯಾಡೋ ಬಂತು. ಅದರಲ್ಲಿ ಚಾಸಿಯೇ ಇರಲಿಲ್ಲ. ನೆಲ, ಕಂಬ, ಸೂರು ಎಲ್ಲ ಒಂದಕ್ಕೊಂದು ಬೆಸೆದು, ಬಾಡಿಯೇ ಭಾರ ಹೊರುವ ರಚನೆ ಅದು. ಇಂದಿನ ಹೆಚ್ಚಿನ ಕಾರುಗಳೂ ಹಾಗೆಯೇ. ಒಂದು ರಟ್ಟಿನ ಪೆಟ್ಟಿಗೆ ತೆಗೆದುಕೊಂಡು ತಿರುಚಿ ನೋಡಿ. ಮುಚ್ಚಳ ಅಂಟಿಸಿದ್ದರೆ ಜಗ್ಗುವುದಿಲ್ಲ. ಮುಚ್ಚಳ ಕತ್ತರಿಸಿ ತಿರುಚಿದರೆ ಕೈಯಲ್ಲೇ ಸೊಟ್ಟಗಾಗುತ್ತದೆ. ಸೂರು ಕತ್ತರಿಸಿದ ಕಾರಿನ ಪಾಡೂ ಅದೇ. ಹಳ್ಳಕ್ಕೆ ಒಂದು ಚಕ್ರ ಇಳಿದರೆ ಮುಂಗಾಜಿನ ಚೌಕಟ್ಟು ನಡುಗುತ್ತದೆ. ಜಾಕ್ ಕೊಟ್ಟು ಎತ್ತಿದರೆ ಬಾಗಿಲಿನ ಸಂದು ಕಿರಿದಾಗಿ ಬಾಗಿಲು ಬಿಗಿದುಕೊಳ್ಳುತ್ತದೆ. ಹಾಗಾಗಬಾರದೆಂದು ನುರಿತವರು ಗರಗಸ ಮುಟ್ಟುವ ಮೊದಲೇ ಬಾಗಿಲ ಬಾಯಿಗಳಿಗೆ ಅಡ್ಡಡ್ಡ ಕಬ್ಬಿಣ ಬೆಸೆದು ಬಾಡಿಯನ್ನು ಹಿಡಿದು ನಿಲ್ಲಿಸುತ್ತಾರೆ. ಬಾಗಿಲ ಕೆಳಗಿನ ಹೊಸ್ತಿಲಿಗೆ ದಪ್ಪ ಉಕ್ಕಿನ ಪೆಟ್ಟಿಗೆ ಕೂರಿಸುತ್ತಾರೆ, ನೆಲದಡಿಗೆ ಅಡ್ಡಪಟ್ಟಿ ಕೊಡುತ್ತಾರೆ, ಮುಂಗಾಜಿನ ಚೌಕಟ್ಟಿನೊಳಗೆ ಇನ್ನೊಂದು ಚೌಕಟ್ಟು ಇಳಿಸುತ್ತಾರೆ. ಸೂರು ಹೋದ ಮೇಲೆ ಕಾರು ಹಗುರವಾಗಬೇಕು ತಾನೆ? ಸಾಮಾನ್ಯವಾಗಿ ಭಾರ ಹೆಚ್ಚಿರುತ್ತದೆ.

ರೋಲ್ಸ್‌ರಾಯ್ಸ್ ಒಡೆತನದಲ್ಲಿ ಒಂದಾಗಿದ್ದ ಮುಲಿನರ್ ಪಾರ್ಕ್ ವಾರ್ಡ್ ಸಂಸ್ಥೆ 1967ರಲ್ಲಿ ಶ್ಯಾಡೋದ ತೆರೆದ ಮಾದರಿಯನ್ನು ಹೊರತಂದಿತು. 1971ರಲ್ಲಿ ಅದಕ್ಕೆ ಕಾರ್ನಿಷ್ ಎಂಬ ಹೆಸರು ಬಂತು, 1995ರವರೆಗೂ ಅದು ನಡೆಯಿತು. ಸೂರಿಲ್ಲದೆಯೂ ಬಾಡಿ ಜಗ್ಗದಂತೆ ಮೊದಲೇ ಯೋಚಿಸಿ ಕಟ್ಟಿದ ಕಾರು ಅದು. ಶಾಲೆ ಕಲಿತ ಎಂಜಿನಿಯರುಗಳ ಕೆಲಸ. ಆದರೆ ಅದೇ ಹೊತ್ತಿಗೆ ಗ್ಯಾರೇಜುಗಳಲ್ಲಿ ಬೇರೊಂದು ಸಂತತಿ ಬೆಳೆಯುತ್ತಿತ್ತು.

ಅದಕ್ಕೆ ಕಾರಣ ದುಡ್ಡು. ಹಳೆಯ ಕಾರುಗಳ ಲೋಕದಲ್ಲಿ ಒಂದೇ ಮಾದರಿಯ ಮುಚ್ಚಿದ ಕಾರಿಗಿಂತ ತೆರೆದ ಕಾರಿಗೆ ಬಹುಮಟ್ಟಿಗೆ ಹೆಚ್ಚು ಬೆಲೆ. ತೆರೆದವು ಕಡಿಮೆ ತಯಾರಾದವು ಎಂಬುದು ಒಂದು ಕಾರಣ, ನೋಡಲು ಚೆಂದ ಎಂಬುದು ಇನ್ನೊಂದು. ಇಟಲಿಯ ಫೆರಾರಿ ಕಂಪನಿ 1968ರಿಂದ 1973ರವರೆಗೆ ಡೇಟೋನಾ ಎಂದು ಹೆಸರಾದ ಕಾರನ್ನು ಮಾಡಿತು. ಮುಚ್ಚಿದವು ಸುಮಾರು 1,280; ಕಾರ್ಖಾನೆಯೇ ತೆರೆದದ್ದಾಗಿ ಮಾಡಿದವು 122 ಮಾತ್ರ. ಬೆಲೆಯ ಅಂತರ ಕಂಡದ್ದೇ ತಡ, ಅಮೆರಿಕ ಮತ್ತು ಯೂರೋಪಿನಲ್ಲಿ ಮುಚ್ಚಿದ ಡೇಟೋನಾಗಳ ಸೂರಿಗೆ ಗರಗಸ ಬಿತ್ತು. ಕೆಲವನ್ನು ನಿಜಕ್ಕೂ ಒಳ್ಳೆಯ ಕೈಗಳೇ ಮಾಡಿದ್ದವು. ಆದರೆ ಕಾರ್ಖಾನೆಯ ಪಟ್ಟಿ ಎಲ್ಲರ ಕೈಗೆ ಸಿಕ್ಕ ಮೇಲೆ ಲೆಕ್ಕ ತಲೆಕೆಳಗಾಯಿತು. ಚಾಸಿ ನಂಬರ್ ನೋಡಿದವರು ಕತ್ತರಿಸಿದ ಕಾರನ್ನು ಗುರುತಿಸಿದರು, ಅಸಲಿಗೂ ಅದಕ್ಕೂ ಬೆಲೆಯಲ್ಲಿ ಅಜಗಜಾಂತರವಾಯಿತು. ಇದು ನ್ಯಾಯವೇ ಎನ್ನಬೇಕು. ಕೊಳ್ಳುವವನು ಕೊಡುವ ದುಡ್ಡು ಬರೀ ತಗಡಿಗಲ್ಲ, ಅದರ ಕತೆಗೂ ಸೇರಿ.

ಬೆಂಟ್ಲಿಗಳ ವಿಷಯದಲ್ಲಿ ಆದ ನಷ್ಟ ಇನ್ನೂ ದೊಡ್ಡದು. 1919ರಿಂದ 1931ರವರೆಗೆ, ರೋಲ್ಸ್‌ರಾಯ್ಸ್ ಕೈಸೇರುವ ಮೊದಲು, ಬೆಂಟ್ಲಿ ಸ್ವತಂತ್ರ ಕಂಪನಿಯಾಗಿತ್ತು. ಅದರ ಕಾರುಗಳು ಫ್ರಾನ್ಸಿನ ಲೆಮಾನ್ ಪಂದ್ಯವನ್ನು ಐದು ಸಲ ಗೆದ್ದವು. ಪಂದ್ಯದ ಕಾರು ತೆರೆದದ್ದು, ಹಸಿರು ಬಣ್ಣದ್ದು. ಅದು ಎಲ್ಲರ ಕಣ್ಣಲ್ಲಿ ನಿಂತುಬಿಟ್ಟಿತು. ಆ ಚಾಸಿಗಳ ಮೇಲೆ ಅಂದು ಡಾಕ್ಟರರಿಗೆ, ವ್ಯಾಪಾರಿಗಳಿಗೆ ಕಟ್ಟಿಕೊಟ್ಟ ಮುಚ್ಚಿದ ಬಾಡಿಗಳೂ ಬೇಕಾದಷ್ಟಿದ್ದವು. ಮುಂದಿನ ಮಾಲೀಕರು ಅವನ್ನು ಕಿತ್ತೆಸೆದು ಲೆಮಾನ್ ಮಾದರಿಯ ತೆರೆದ ಬಾಡಿ ಕಟ್ಟಿಸಿದರು. ಇಂದು ಹಳೆಯ ಬೆಂಟ್ಲಿಗಳ ಮೆರವಣಿಗೆ ನೋಡಿದವರಿಗೆ ಆ ಕಾಲದಲ್ಲಿ ಎಲ್ಲರೂ ಪಂದ್ಯಕ್ಕೇ ಹೊರಟಿದ್ದರೇನೋ ಎನಿಸಬೇಕು. ಮಳೆಯಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುತ್ತಿದ್ದ ಕಾರು ಹೇಗಿತ್ತೆಂದು ತೋರಿಸಲು ಉಳಿದಿರುವವು ಬಲು ಕಡಿಮೆ.

ಹಾಗೆಂದು ಬದಲಾದದ್ದೆಲ್ಲ ಸುಳ್ಳೇ? ಈ ಪ್ರಶ್ನೆ ಲಂಡನ್ನಿನ ಹೈಕೋರ್ಟಿಗೇ ಹೋದದ್ದುಂಟು. ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿ 1929 ಮತ್ತು 1930ರಲ್ಲಿ ಲೆಮಾನ್ ಗೆದ್ದ ಕಾರು. ಮುಂದೆ ಪಂದ್ಯಗಳಿಗಾಗಿ ಅದರ ಒಂದೊಂದೇ ಭಾಗ ಬದಲಾಯಿತು. 1932ರಲ್ಲಿ ಅಪಘಾತವಾಗಿ ಚಾಲಕ ಸತ್ತ, ಆಮೇಲೆ ಬಾಡಿಯೂ ಬದಲಾಯಿತು. ಬಹುಕಾಲದ ನಂತರ ಅದನ್ನು 1 ಕೋಟಿ ಪೌಂಡಿಗೆ ಕೊಳ್ಳಲು ಒಪ್ಪಿದ್ದವರು, 1929ರ ಭಾಗಗಳು ಇದರಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟಿವೆ, ಇದು ಆ ಕಾರೇ ಅಲ್ಲ ಎಂದು ಹಿಂದೆ ಸರಿದರು. 1990ರಲ್ಲಿ ನ್ಯಾಯಮೂರ್ತಿ ಒಟನ್ ಮಾರಿದವನ ಪರವಾಗಿ ತೀರ್ಪಿತ್ತರು. ಭಾಗಗಳು ಬದಲಾದರೂ ಕಾರಿನ ಬಾಳು ಎಲ್ಲಿಯೂ ಕಡಿದುಹೋಗಿರಲಿಲ್ಲ, ಆ ಹೆಸರಿಗೆ ಹಕ್ಕುದಾರನಾದ ಇನ್ನೊಂದು ಕಾರೂ ಇರಲಿಲ್ಲ ಎಂಬುದು ಅದರ ಸಾರ. ನಮ್ಮೂರ ತೇರಿನ ಗಾಲಿ ಒಂದು ವರ್ಷ, ಅಚ್ಚು ಇನ್ನೊಂದು ವರ್ಷ ಬದಲಾದರೂ ಅದು ಅದೇ ದೇವರ ತೇರೇ. ಆದರೆ ಪಕ್ಕದೂರಿನವರು ಹೊಸ ತೇರು ಕಟ್ಟಿ ಅದೇ ಹಳೆಯ ತೇರೆಂದು ಹೇಳಿಕೊಂಡರೆ ಯಾರೂ ಒಪ್ಪುವುದಿಲ್ಲ. ಮುಲಿನರ್ ಕತ್ತರಿಸಿದ ಕ್ಲೌಡ್ ಮೊದಲಿನದರ ಜಾತಿ. ಮೊನ್ನೆ ಯಾವುದೋ ಶೆಡ್ಡಿನಲ್ಲಿ ಕತ್ತರಿಸಿ ‘ಮುಲಿನರ್ ಕೈಯದು’ ಎಂದು ಮಾರುವ ಕ್ಲೌಡ್ ಎರಡನೆಯದರ ಜಾತಿ. ಕತ್ತರಿಸಿದ್ದೇನೆ ಎಂದು ಬಾಯಿಬಿಟ್ಟು ಹೇಳಿ ಮಾರಿದರೆ ಅದರಲ್ಲಿ ದೋಷವೇನೂ ಇಲ್ಲ. 1946ರ ನಂತರದ ಎಷ್ಟೋ ಬೆಂಟ್ಲಿಗಳ ಉಕ್ಕಿನ ಬಾಡಿ ತುಕ್ಕು ಹಿಡಿದು ಉದುರಿಹೋಗಿತ್ತು. ಅವುಗಳ ಚಾಸಿಯ ಮೇಲೆ ತೆರೆದ ಬಾಡಿ ಕಟ್ಟಿಸಿದವರು ಕಾರನ್ನು ಗುಜರಿಯಿಂದ ಉಳಿಸಿದರು ಎಂದೇ ಹೇಳಬೇಕು.

ಗುರುತಿಸುವುದು ಹೇಗೆ? ಇಂಗ್ಲೆಂಡಿನಲ್ಲಿ ರೋಲ್ಸ್‌ರಾಯ್ಸ್ ಅಭಿಮಾನಿಗಳ ಸಂಘದ ಬಳಿ ಹಳೆಯ ಕಾರುಗಳ ಚಾಸಿ ದಾಖಲೆಗಳಿವೆ. ಯಾರಿಗಾಗಿ, ಯಾವ ಬಾಡಿಯೊಂದಿಗೆ ಕಾರು ಹೊರಟಿತು ಎಂಬುದು ಅವುಗಳಲ್ಲಿ ಸಿಗುತ್ತದೆ. ಕಾಗದ ಇಲ್ಲದಿದ್ದರೆ ಕಣ್ಣೇ ಗತಿ. ಧರ್ಮಸ್ಥಳದ ಕಾರು ಸಂಗ್ರಹಾಲಯಕ್ಕೆ ಹೋದಾಗಲೋ ಹಳೆಯ ಕಾರುಗಳ ರ‍್ಯಾಲಿ ನೋಡುವಾಗಲೋ ಹೊಳಪಿಗೆ ಮರುಳಾಗದೆ ಬಾಗಿಲಿನ ಸಂದು ಮೇಲಿನಿಂದ ಕೆಳಗಿನವರೆಗೆ ಒಂದೇ ಅಳತೆಯಲ್ಲಿದೆಯೇ ನೋಡಿ. ಹೊದಿಕೆ ಮಡಿಸಿದಾಗ ಒಳಗಿಳಿದು ಕೂರುತ್ತದೆಯೋ, ಹಿಂದೆ ಗಂಟಿನಂತೆ ಉಬ್ಬಿ ನಿಲ್ಲುತ್ತದೆಯೋ ಗಮನಿಸಿ. ಕಮಾನುಗಳಿಗೆ ಜಾಗವನ್ನು ಮೊದಲೇ ಲೆಕ್ಕ ಹಾಕಿದ ಕೈಯಾವುದು, ಆಮೇಲೆ ತುರುಕಿದ ಕೈಯಾವುದು ಎಂಬುದು ಅಲ್ಲಿ ಗೊತ್ತಾಗುತ್ತದೆ.

ನಮ್ಮ ದೇಶದಲ್ಲಿ ಈಗ ಇದು ಕಾಯಿದೆಯ ವಿಷಯವೂ ಆಗಿದೆ. ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ಹಳೆಯ ವಾಹನಗಳಿಗೆ ಪ್ರತ್ಯೇಕ ನೋಂದಣಿಯ ನಿಯಮ ತಂದಿತು. ನಂಬರಿನಲ್ಲಿ ರಾಜ್ಯದ ಹೆಸರಿನ ನಂತರ ‘ವಿಎ’ ಎಂಬ ಗುರುತು ಬರುತ್ತದೆ. ಇದು ಸಿಗಬೇಕಾದರೆ ಮೊದಲ ನೋಂದಣಿಯಾಗಿ 50 ವರ್ಷ ಕಳೆದಿರಬೇಕು, ವಾಹನ ಮೂಲರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಟು ಆಗಿರಬಾರದು. ಇಂದು ಯಾರಾದರೂ ಹಳೆಯ ಕಾರಿನ ಸೂರು ಕತ್ತರಿಸಹೊರಟರೆ ಮೊದಲು ಆ ಸಾಲು ಓದಿಕೊಳ್ಳುವುದು ಒಳ್ಳೆಯದು.

ಕಷ್ಟ ಬರುವುದು ನಮ್ಮ ಸಂಸ್ಥಾನಗಳಿಂದ ಬಂದ ಕಾರುಗಳಿಗೆ. ಲಂಡನ್ನಿನಲ್ಲಿ ಮುಚ್ಚಿದ ಬಾಡಿ ಕಟ್ಟಿಸಿಕೊಂಡು ಬಂದು, 1930ರ ದಶಕದಲ್ಲಿ ಅರಮನೆಯ ಗ್ಯಾರೇಜಿನಲ್ಲೇ ಬೇಟೆಗೆಂದು ತೆರೆದದ್ದಾಗಿ ಬದಲಾದ ಕಾರಿನ ಮೂಲರೂಪ ಯಾವುದು? ಲಂಡನ್ನಿನ ಬಾಡಿ ಎಂದೋ ಗುಜರಿ ಸೇರಿದೆ. ಇಲ್ಲಿನ ಬಡಗಿ, ಕಮ್ಮಾರರು ಕಟ್ಟಿದ ಬಾಡಿಗೇ ಈಗ ತೊಂಬತ್ತರ ಹತ್ತಿರ ವಯಸ್ಸು.