ಬಿಲ್ಲಿನ ಬೇರು ಕಾಡಿನಲ್ಲಿ

(ವಿದ್ಯಾರ್ಥಿಗಳು ಮತ್ತು ಗ್ರಾಮಸ್ಥರಿಗಾಗಿ ನಡೆದ ಪರಿಸರ ಶಿಬಿರದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಪರಿಸರ ಶಿಬಿರದಲ್ಲಿ ಜಿಂಕೆಯ ಬೇಟೆಯ ಮಾತೇ ಎಂದು ನಿಮ್ಮಲ್ಲಿ ಕೆಲವರಿಗೆ ಅಚ್ಚರಿಯಾಗಿರಬಹುದು. ಆದ್ದರಿಂದ ಒಂದು ವಿಷಯವನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಜಿಂಕೆ, ಕಡವೆ, ಕಾಡುಕುರಿಗಳ ಬೇಟೆ ಅಪರಾಧ. ಕೊಂದರೆ ಮಾತ್ರವಲ್ಲ, ಉರುಳು ಒಡ್ಡಿದರೂ, ಹಿಡಿಯಲು ಯತ್ನಿಸಿದರೂ ಕಾಯಿದೆಯ ದೃಷ್ಟಿಯಲ್ಲಿ ಅದು ಬೇಟೆಯೇ. ಅಳಿದುಳಿದ ಕಾಡಿಗೆ ಆ ಕಾಯಿದೆ ಬೇಕೇ ಬೇಕು ಎಂಬುದು ನನ್ನ ನಿಲುವು. ಬೇಟೆಯನ್ನು ಕಲಿಸಲು ನಾನಿಲ್ಲಿ ನಿಂತಿಲ್ಲ. ದೂರದ ಬೆಟ್ಟಸೀಮೆಯೊಂದರಲ್ಲಿ ಒಬ್ಬ ಮನುಷ್ಯ ತನ್ನ ಬಿಲ್ಲನ್ನು ಹೇಗೆ ಮಾಡುತ್ತಿದ್ದ, ಹೇಗೆ ಕಾಪಾಡುತ್ತಿದ್ದ, ಕೊನೆಗೆ ಆ ಬಿಲ್ಲಿಗೂ ಅವನ ಜನಕ್ಕೂ ಏನಾಯಿತು ಎಂಬುದನ್ನು ಹೇಳುವುದು ನನ್ನ ಉದ್ದೇಶ. ಬಿಲ್ಲಿನ ಆಯಸ್ಸು ಅದು ಹುಟ್ಟಿದ ಕಾಡಿನ ಆಯಸ್ಸಿಗೆ ಕಟ್ಟಿಕೊಂಡಿರುತ್ತದೆ ಎಂಬ ಒಂದೇ ಮಾತನ್ನು ನೀವು ಇಲ್ಲಿಂದ ಮನೆಗೆ ಕೊಂಡೊಯ್ದರೆ ಸಾಕು.

ಅಮೆರಿಕದ ಕ್ಯಾಲಿಫೋರ್ನಿಯಾದ ಉತ್ತರ ಭಾಗದಲ್ಲಿ ಡಿಯರ್ ಕ್ರೀಕ್, ಮಿಲ್ ಕ್ರೀಕ್ ಎಂಬ ಹೊಳೆಗಳು ಹರಿಯುವ ಕಡಿದಾದ ಕಣಿವೆಗಳಿವೆ. ಅಲ್ಲಿ ಯಾಹಿ ಎಂಬ ಮೂಲನಿವಾಸಿ ಜನರಿದ್ದರು. 1911ರ ಆಗಸ್ಟ್ 29ರಂದು ಆ ಜನಾಂಗದ ಕೊನೆಯ ವ್ಯಕ್ತಿಯೊಬ್ಬ ಹಸಿದು ಬಳಲಿ ಓರೊವಿಲ್ ಎಂಬ ಪಟ್ಟಣದ ಕಸಾಯಿಖಾನೆಯ ಬಳಿ ಕಾಣಿಸಿಕೊಂಡ. ವಯಸ್ಸು ಸುಮಾರು ಐವತ್ತು. ಅವನು ತನ್ನ ಹೆಸರನ್ನು ಯಾರಿಗೂ ಹೇಳಲಿಲ್ಲ. ವಿದ್ವಾಂಸರು ಅವನನ್ನು 'ಇಶಿ' ಎಂದು ಕರೆದರು. ಯಾಹಿ ಭಾಷೆಯಲ್ಲಿ ಅದರ ಅರ್ಥ 'ಮನುಷ್ಯ'. ಮಾನವಶಾಸ್ತ್ರಜ್ಞ ಆಲ್‌ಫ್ರೆಡ್ ಕ್ರೋಬರ್ ಮತ್ತು ಅವರ ಸಹೋದ್ಯೋಗಿಗಳ ಆಸರೆಯಲ್ಲಿ ಅವನು ಸ್ಯಾನ್ ಫ್ರಾನ್ಸಿಸ್ಕೋದ ವಸ್ತುಸಂಗ್ರಹಾಲಯವೊಂದರಲ್ಲಿ ನೆಲೆಸಿದ. ಅಲ್ಲಿ ಅವನಿಗೆ ಆಪ್ತನಾದ ಸ್ಯಾಕ್ಸ್‌ಟನ್ ಪೋಪ್ ಎಂಬ ವೈದ್ಯ ಅವನಿಂದ ಬಿಲ್ವಿದ್ಯೆ ಕಲಿತು, ಕಂಡದ್ದನ್ನೆಲ್ಲ 1918ರಲ್ಲಿಯೂ 1923ರಲ್ಲಿಯೂ ಗ್ರಂಥರೂಪದಲ್ಲಿ ಪ್ರಕಟಿಸಿದ. ಇಶಿಯ ಬಿಲ್ಲಿನ ಬಗ್ಗೆ ನಮಗೆ ಇಷ್ಟು ವಿವರ ತಿಳಿದಿರುವುದು ಅವನ ದಾಖಲೆಗಳಿಂದ.

ಬಿಲ್ಲು ಹುಟ್ಟುವ ಬಗೆ

ಇಶಿಯ ಬಿಲ್ಲು ಕೇವಲ 42 ಅಂಗುಲ ಉದ್ದದ್ದು. ಅವನ ಅಳತೆಗೋಲು ಅವನ ಮೈಯೇ. ಅಡ್ಡಲಾಗಿ ಚಾಚಿದ ಕೈಯಿಂದ ಎದುರು ಬದಿಯ ಸೊಂಟದವರೆಗಿನ ಉದ್ದವೇ ಬಿಲ್ಲಿನ ಉದ್ದ. ಪೊದೆಗಳ ನಡುವೆ ಕುಳಿತು ಬಾಣ ಬಿಡುವವನಿಗೆ ಗಿಡ್ಡ ಬಿಲ್ಲೇ ಅನುಕೂಲ. ಜುನಿಪರ್ ಎಂಬ ಬೆಟ್ಟದ ಮರದ ಕೊಂಬೆಯನ್ನು ಸೀಳಿ, ಹೊರಪದರದ ಮರವನ್ನು ಉಳಿಸಿಕೊಂಡು, ಮರಳುಗಲ್ಲಿನಿಂದ ಉಜ್ಜಿ ಅದಕ್ಕೆ ಆಕಾರ ಕೊಡುತ್ತಿದ್ದ. ತುದಿಗಳನ್ನು ಬಿಸಿಗಲ್ಲಿನ ಮೇಲಿಟ್ಟು ಬಾಗಿಸುತ್ತಿದ್ದ. ಅನಂತರ ಕತ್ತಲಾದ, ಒಣಗಿದ ಜಾಗದಲ್ಲಿ ಅದನ್ನು ಹದಕ್ಕೆ ಬಿಡುತ್ತಿದ್ದ. ಈ ಕಾಯುವಿಕೆ ಕೆಲವು ತಿಂಗಳಿರಬಹುದು, ಕೆಲವು ವರ್ಷವೂ ಇರಬಹುದು.

ಹದಗೊಂಡ ಬಿಲ್ಲಿನ ಬೆನ್ನಿಗೆ ಜಿಂಕೆಯ ಕಾಲಿನ ನರಗಳನ್ನು ಅಂಟಿಸುವುದು ಮುಂದಿನ ಕೆಲಸ. ಸಾಲ್ಮನ್ ಮೀನಿನ ಚರ್ಮವನ್ನು ಕುದಿಸಿದಾಗ ಸರೇಸು ಸಿದ್ಧವಾಗುತ್ತಿತ್ತು. ನರವನ್ನು ಹಲ್ಲಿನಿಂದ ಜಗಿದು ಮೆತ್ತಗೆ ಮಾಡಿ, ಎಳೆ ಎಳೆಯಾಗಿ ಬಿಡಿಸಿ, ಒಂದರ ಮೇಲೊಂದು ಬರುವಂತೆ ಬೆನ್ನಿನ ತುಂಬ ಹಾಸುತ್ತಿದ್ದ. ಅದು ಒಣಗುವವರೆಗೆ ನೀರಂಜಿ ಜಾತಿಯ ಮರದ ತೊಗಟೆಯ ಪಟ್ಟಿಗಳಿಂದ ಬಿಗಿಯುತ್ತಿದ್ದ. ಬಿಲ್ಲು ಬಾಗಿದಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಮರ ಹೆಚ್ಚು ಹಿಗ್ಗಿದರೆ ಸೀಳುತ್ತದೆ, ನರ ಹಿಗ್ಗಿ ಮತ್ತೆ ಮೊದಲಿನಂತಾಗುತ್ತದೆ. ಅಷ್ಟು ಗಿಡ್ಡ ಬಿಲ್ಲು ಮುರಿಯದೆ ಪೂರ್ಣ ಬಾಗುತ್ತಿದ್ದುದರ ಗುಟ್ಟು ಇದು.

ಹೆದೆಯೂ ಜಿಂಕೆಯ ನರದ್ದೇ. ಬಾಣಕ್ಕೆ ಹೇಝಲ್ ಗಿಡದ ನೇರವಾದ ಚಿಗುರುಕಡ್ಡಿ. ತೊಗಟೆ ಹೆರೆದು, ಕಟ್ಟು ಕಟ್ಟಿ ಒಣಗಿಸಿ, ಕೆಂಡದ ಶಾಖ ಕೊಟ್ಟು ಬೆರಳಿನಿಂದಲೇ ಡೊಂಕು ತಿದ್ದುತ್ತಿದ್ದ. ಹಿಂಬದಿಗೆ ಹದ್ದು, ಗಿಡುಗಗಳ ಗರಿ. ಮೊನೆಗೆ ಜ್ವಾಲಾಮುಖಿಯಿಂದ ಹುಟ್ಟಿದ ಕಪ್ಪು ಗಾಜುಗಲ್ಲು. ಅದನ್ನು ಜಿಂಕೆಯ ಕೊಂಬಿನ ತುದಿಯಿಂದ ಒತ್ತಿ ಒತ್ತಿ ಚಕ್ಕೆ ಎಬ್ಬಿಸುತ್ತಿದ್ದ. ವಸ್ತುಸಂಗ್ರಹಾಲಯಕ್ಕೆ ಬಂದ ಮೇಲೆ ಬಾಟಲಿಯ ಗಾಜಿನಿಂದಲೂ ಅಷ್ಟೇ ಚೆಂದದ ಮೊನೆಗಳನ್ನು ಮಾಡಿದ.

ವಿದ್ಯಾರ್ಥಿಗಳು ಇಲ್ಲೊಂದು ಪಟ್ಟಿ ಮಾಡಿಕೊಳ್ಳಿ. ಬೆಟ್ಟದ ಮೇಲಿನ ಜುನಿಪರ್, ಹೊಳೆಯಂಚಿನ ಗಿಡಗಳ ತೊಗಟೆ, ಇಳಿಜಾರಿನ ಹೇಝಲ್, ಕಡಲಿನಿಂದ ಹೊಳೆಗೆ ಏರಿಬರುವ ಸಾಲ್ಮನ್, ಆಕಾಶದ ಹದ್ದು, ನೆಲದ ಜಿಂಕೆ. ಇವುಗಳಲ್ಲಿ ಒಂದು ಇಲ್ಲವಾದರೂ ಬಿಲ್ಲು ಪೂರ್ತಿಯಾಗದು. ಜಿಂಕೆಯೇ ಇಲ್ಲವಾದರೆ ಬೇಟೆಯ ಜೊತೆಗೆ ಬಿಲ್ಲಿನ ಬೆನ್ನೂ ಇಲ್ಲ, ಹೆದೆಯೂ ಇಲ್ಲ. ಬಳಸುವವನು ಕಾಡನ್ನು ಖಾಲಿ ಮಾಡಿದ ದಿನವೇ ಬಳಸುವ ಸಾಧನವೂ ಖಾಲಿಯಾಗುವಂತಹ ವ್ಯವಸ್ಥೆ ಅದು.

ಕಡಿಯದೆ ಪಡೆಯುವ ಮರ

ಇದೇ ಜುನಿಪರ್ ಮರದ ಬಗ್ಗೆ ಇನ್ನೊಂದು ಸಂಗತಿ ಇದೆ. ಕ್ಯಾಲಿಫೋರ್ನಿಯಾಕ್ಕೆ ಹೊಂದಿಕೊಂಡ ನೆವಾಡಾ ರಾಜ್ಯದ ಒಣ ಬೆಟ್ಟಗಳಲ್ಲಿ ಕೆಲವು ಹಳೆಯ ಜುನಿಪರ್ ಮರಗಳ ಕಾಂಡದ ಮೇಲೆ ಉದ್ದುದ್ದವಾದ ಗಾಯದ ಗುರುತುಗಳಿವೆ. ಅವು ಬಿಲ್ಲಿಗಾಗಿ ಮರ ಪಡೆದ ಗುರುತುಗಳೆಂದು ಪುರಾತತ್ವಜ್ಞ ಫಿಲಿಪ್ ವಿಲ್ಕಿ 1988ರಲ್ಲಿ ವಿವರಿಸಿದರು. ಅಲ್ಲಿನ ಮೂಲನಿವಾಸಿಗಳು ಮರವನ್ನು ಉರುಳಿಸುತ್ತಿರಲಿಲ್ಲ. ನೇರ ಎಳೆಯಿರುವ ಕಡೆ ಮೇಲೊಂದು ಕೆಳಗೊಂದು ಕಚ್ಚು ಹಾಕಿ ಬಿಡುತ್ತಿದ್ದರು. ನಡುವಿನ ಪಟ್ಟಿ ಮರದ ಮೇಲೆಯೇ ನಿಧಾನವಾಗಿ ಒಣಗಿ ಹದಕ್ಕೆ ಬಂದ ಮೇಲೆ ಅದನ್ನಷ್ಟೇ ಸೀಳಿ ತೆಗೆಯುತ್ತಿದ್ದರು. ಮರ ಬದುಕಿಕೊಳ್ಳುತ್ತಿತ್ತು. ಗಾಯದ ಮೇಲೆ ಹೊಸ ಮರ ಬೆಳೆದು, ಕಾಲಾಂತರದಲ್ಲಿ ಅದೇ ಜಾಗದಿಂದ ಇನ್ನೊಂದು ಬಿಲ್ಲಿಗೆ ಮರ ದೊರೆಯುತ್ತಿತ್ತು. ತಂದೆ ಪಡೆದ ಮರದಿಂದ ಮಗನೋ ಮೊಮ್ಮಗನೋ ಮತ್ತೆ ಪಡೆಯಬೇಕೆಂದರೆ ಆ ಬೆಟ್ಟ ಅಷ್ಟು ಕಾಲ ಅವರ ಕೈಯಲ್ಲಿರಬೇಕಲ್ಲವೇ?

ಹೇಝಲ್ ಕಡ್ಡಿಯೂ ತಾನಾಗಿ ನೇರವಾಗಿ ಬರುವುದಲ್ಲ. ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳು ಪೊದೆಗಳನ್ನು ಸವರಿ, ಹದವರಿತು ತಣ್ಣನೆಯ ನೆಲಬೆಂಕಿ ಕೊಟ್ಟು, ಬುಡದಿಂದ ನೇರ ಚಿಗುರು ಬರುವಂತೆ ಮಾಡುತ್ತಿದ್ದರು. ಬುಟ್ಟಿಗೂ ಬಾಣಕ್ಕೂ ಆ ಚಿಗುರೇ ಬೇಕು. ಇದನ್ನು ಕ್ಯಾಟ್ ಆಂಡರ್ಸನ್ 2005ರ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ದಾಖಲಿಸಿದ್ದಾರೆ. ಹೊರಗಿನವರ ಕಣ್ಣಿಗೆ ಯಾರೂ ಮುಟ್ಟದ ಕಾಡೆಂದು ತೋರಿದ್ದು ವಾಸ್ತವವಾಗಿ ತಲೆಮಾರುಗಳ ಆರೈಕೆಯಲ್ಲಿದ್ದ ಕಾಡು.

ಬಿಲ್ಲಿನ ಆರೈಕೆ

ಇಶಿಯ ಪ್ರಕಾರ ಹೆದೆಯೇರಿಸಿಯೇ ಇಟ್ಟ ಬಿಲ್ಲು, ಮೂಲೆಯಲ್ಲಿ ನಿಲ್ಲಿಸಿಟ್ಟ ಬಿಲ್ಲು ದಣಿಯುತ್ತದೆ, ಬೆವರುತ್ತದೆ. ಕೆಲಸವಿಲ್ಲದಾಗ ಅದು ಮಲಗಿರಬೇಕು. ಅದನ್ನು ಯಾರೂ ದಾಟಬಾರದು, ಮಕ್ಕಳು ಆಡಬಾರದು. ಹೆಂಗಸರು ಮುಟ್ಟಬಾರದು ಎಂಬ ನಿಷೇಧವೂ ಅವನಲ್ಲಿತ್ತು. ಅದು ಅವನ ಕಾಲದ, ಅವನ ಜನರ ನಂಬಿಕೆ. ಇಂದು ನಾವು ಅದನ್ನು ಒಪ್ಪಬೇಕಾಗಿಲ್ಲ. ಆದರೆ ದಣಿವು, ಬೆವರು ಎಂಬ ಮಾತುಗಳ ಹಿಂದೆ ಅನುಭವದ ಸತ್ಯವಿದೆ. ಸದಾ ಬಾಗಿಯೇ ಇರುವ ಮರ ಆ ಬಾಗನ್ನೇ ರೂಢಿ ಮಾಡಿಕೊಂಡು ಸತ್ವ ಕಳೆದುಕೊಳ್ಳುತ್ತದೆ. ನರವೂ ಸರೇಸೂ ಗಾಳಿಯ ತೇವವನ್ನು ಹೀರಿ ಸಡಿಲಾಗುತ್ತವೆ. ಆದ್ದರಿಂದಲೇ ಅವನು ಪೂಮಾದ ಬಾಲದ ಚರ್ಮದಿಂದ ಬಿಲ್ಲಿಗೆ ಚೀಲ ಮಾಡಿದ್ದ. ಬತ್ತಳಿಕೆ ನೀರುನಾಯಿಯ ಚರ್ಮದ್ದು. ಹೆದೆ ಇಳಿಸಿದಾಗಲೂ ಅದು ಜಾರಿ ಹೋಗದಂತೆ ಚಿಕ್ಕದೊಂದು ಚರ್ಮದ ಕುಣಿಕೆ ಇರುತ್ತಿತ್ತು. ಏರಿಸಿದ ಹೆದೆಯನ್ನು ಬಾಣದಿಂದ ತಟ್ಟಿದಾಗ ಇಂಪಾದ ನಾದ ಬಂದರೆ ಅದು ಒಳ್ಳೆಯ ಬಿಲ್ಲು ಎಂಬುದು ಅವನ ಪರೀಕ್ಷೆ.

ನಮ್ಮ ಮಲೆನಾಡಿನ ಮಳೆಯಲ್ಲಿ ಇಂಥ ಬಿಲ್ಲು ಉಳಿಯುವುದು ಕಷ್ಟ. ಪ್ರತಿ ಸೀಮೆಯ ಬಿಲ್ಲೂ ಆ ಸೀಮೆಯ ಹವೆಗೆ ತಕ್ಕಂತೆ ಹುಟ್ಟುತ್ತದೆ. ಮಧ್ಯ ಭಾರತದ ಭಿಲ್ಲರು ಬಿದಿರಿನ ಬಿಲ್ಲಿಗೆ ಬಿದಿರಿನ ಸೀಳನ್ನೇ ಹೆದೆಯಾಗಿ ಕಟ್ಟುವುದನ್ನು ಇಲ್ಲಿ ನೆನೆಯಬಹುದು. ಕ್ರೀಡೆಗಾಗಿ ಬಿಲ್ವಿದ್ಯೆ ಕಲಿಯುವ ವಿದ್ಯಾರ್ಥಿಗಳಿಗೂ, ಹಿರಿಯರ ಬಿಲ್ಲನ್ನು ಅಟ್ಟದಲ್ಲಿ ಇಟ್ಟುಕೊಂಡಿರುವ ಮನೆಗಳಿಗೂ ಇಶಿಯ ಪಾಠ ಉಪಯೋಗಕ್ಕೆ ಬರುತ್ತದೆ. ಮರದ ಬಿಲ್ಲಾದರೆ ಕೆಲಸ ಮುಗಿದೊಡನೆ ಹೆದೆ ಇಳಿಸಿ, ಅಡ್ಡಲಾಗಿ ಮಲಗಿಸಿ. ಒಲೆಯ ಶಾಖಕ್ಕೂ, ಬಿಸಿಲಿಗೂ, ಒದ್ದೆ ಗೋಡೆಗೂ ತಾಗದಂತೆ ಇಡಿ. ನೂಲಿನ ಹೆದೆಗೆ ಜೇನುಮೇಣ ಉಜ್ಜಿ. ಎಳೆ ಬಿಚ್ಚಿದ್ದರೆ ಬದಲಿಸಿ. ಬಾಣ ಹೂಡದೆ ಹೆದೆಯನ್ನು ಎಳೆದು ಬಿಡಬೇಡಿ, ಬಾಣ ಒಯ್ಯಬೇಕಾದ ಬಲವೆಲ್ಲ ಬಿಲ್ಲಿಗೇ ಬಡಿದು ಅದು ಮುರಿಯಬಹುದು. ಪ್ರತಿ ಸಲವೂ ಬಿರುಕು ಇದೆಯೇ ಎಂದು ಬೆರಳಾಡಿಸಿ ನೋಡಿ. ಆಯುಧಪೂಜೆಯಂದು ಕತ್ತಿ ಗುದ್ದಲಿಗಳನ್ನು ತೊಳೆದು ಹೂವಿಡುವ ನಮಗೆ ಈ ಆರೈಕೆ ಹೊಸದೇನಲ್ಲ.

ಹತ್ತಿರ ಹೋಗುವ ವಿದ್ಯೆ

ಇಶಿಯ ಬಿಲ್ಲಿನ ಸೆಳೆತ ಸುಮಾರು 45 ಪೌಂಡ್, ಅಂದರೆ ಇಪ್ಪತ್ತು ಕಿಲೋ. ಬಾಣ 200 ಗಜ ಹಾರಬಲ್ಲದಾದರೂ ಅವನು ಬೇಟೆಯಲ್ಲಿ ಬಿಡುತ್ತಿದ್ದುದು 10ರಿಂದ 50 ಗಜದೊಳಗೆ ಮಾತ್ರ. ಅಷ್ಟು ಹತ್ತಿರ ಜಿಂಕೆ ಬರಗೊಡಬೇಕಾದರೆ ಮನುಷ್ಯ ಎಷ್ಟು ಸಿದ್ಧನಾಗಬೇಕು! ಹಿಂದಿನ ದಿನದಿಂದ ಅವನು ಮೀನು ತಿನ್ನುತ್ತಿರಲಿಲ್ಲ, ತಂಬಾಕು ಸೇದುತ್ತಿರಲಿಲ್ಲ. ಮುಂಜಾನೆ ಹೊಳೆಯಲ್ಲಿ ಮಿಂದು, ಸುವಾಸನೆಯ ಎಲೆಗಳಿಂದ ಮೈಯುಜ್ಜಿಕೊಂಡು, ಬರಿಹೊಟ್ಟೆಯಲ್ಲಿ ಹೊರಡುತ್ತಿದ್ದ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿಯೇ ಹೆಜ್ಜೆ. ಎಳೆಯ ಎಲೆಯನ್ನು ಮಡಚಿ ತುಟಿಗಿಟ್ಟು ಮರಿಯ ಕೂಗನ್ನು ಅನುಕರಿಸುತ್ತಿದ್ದ. ಆತುರವೆಂಬುದೇ ಅವನಲ್ಲಿರಲಿಲ್ಲ.

ಇದನ್ನು ತಂತಿಯ ಉರುಳಿನ ಪಕ್ಕದಲ್ಲಿಟ್ಟು ನೋಡಿ. ಉರುಳು ಒಡ್ಡುವವನು ಜಿಂಕೆಯನ್ನು ನೋಡಬೇಕಾಗಿಲ್ಲ, ಗಾಳಿಯನ್ನು ಅರಿಯಬೇಕಾಗಿಲ್ಲ, ಅಲ್ಲಿ ಇರಬೇಕಾಗಿಯೂ ಇಲ್ಲ. ಬಸುರಿ ಜಿಂಕೆಯೋ ಮರಿಯೋ ಚಿರತೆಯೋ ಎಂಬ ವಿವೇಚನೆ ತಂತಿಗಿಲ್ಲ. ಸಿಕ್ಕಿದ ಪ್ರಾಣಿ ದಿನಗಟ್ಟಲೆ ನರಳಿ ಸಾಯುತ್ತದೆ. ಬಾಣವೂ ಕೊಲ್ಲುತ್ತದೆ, ಅದನ್ನು ನಾನು ಮರೆಮಾಚುವುದಿಲ್ಲ. ಆದರೆ ಬಿಲ್ಲು ಹಿಡಿದವನು ತಾನು ಕೊಲ್ಲುವ ಜೀವದ ಎದುರಿಗೆ ನಿಲ್ಲಲೇಬೇಕಿತ್ತು. ಜ್ಞಾನ ಬೇಡದ ಸಾಧನ ಬಂದಾಗ ಕಾಡನ್ನು ಬಲ್ಲವನು ಬೇಡವಾಗುತ್ತಾನೆ, ಮಿತಿಯೂ ಬೇಡವಾಗುತ್ತದೆ.

ಬಿಲ್ಲು ಮೌನವಾದ ಕತೆ

1848ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿತು. ಮರುವರ್ಷದಿಂದ ಜನ ಪ್ರವಾಹದಂತೆ ನುಗ್ಗಿದರು. ಗಣಿಯ ಕೆಸರು ಅನೇಕ ಸಾಲ್ಮನ್ ಹೊಳೆಗಳನ್ನು ಕೆಡಿಸಿತು. ದನ ಕುರಿಗಳ ಹಿಂಡು ತಪ್ಪಲನ್ನು ಮೇಯ್ದು ಮುಗಿಸಿತು. 1860ರ ದಶಕದಲ್ಲಿ ವಲಸಿಗರ ಗುಂಪುಗಳು ಯಾಹಿ ಜನರನ್ನು ಹುಡುಕಿ ಹುಡುಕಿ ಕೊಂದವು. ಉಳಿದ ಬೆರಳೆಣಿಕೆಯ ಮಂದಿ ಸುಮಾರು ನಲವತ್ತು ವರ್ಷ ಕಣಿವೆಗಳಲ್ಲಿ ಅಡಗಿ ಬದುಕಿದರು. ಸದ್ದಿಲ್ಲದ ಬಿಲ್ಲು ಅವರ ಅಡಗುತಾಣವನ್ನು ಬಯಲು ಮಾಡಲಿಲ್ಲ.

1908ರಲ್ಲಿ ಅಣೆಕಟ್ಟಿನ ಯೋಜನೆಗಾಗಿ ವಿದ್ಯುತ್ ಕಂಪನಿಯೊಂದರ ಸರ್ವೆ ತಂಡ ಡಿಯರ್ ಕ್ರೀಕ್ ಕಣಿವೆಗೆ ಬಂದಿತು. ಆ ತಂಡಕ್ಕೆ ಅವರ ಬೀಡು ಕಣ್ಣಿಗೆ ಬಿತ್ತು. ಕಾಯಿಲೆಯ ಮುದುಕಿಯೊಬ್ಬಳನ್ನು ಬಿಟ್ಟು ಉಳಿದವರು ಓಡಿದ್ದರು. ಬಂದವರು ಬಿಲ್ಲು, ಬಾಣ, ಬತ್ತಳಿಕೆ, ಹೊದಿಕೆಗಳನ್ನೆಲ್ಲ ನೆನಪಿನ ವಸ್ತುಗಳೆಂದು ಹೊತ್ತೊಯ್ದರು. ವರ್ಷಗಟ್ಟಲೆ ಹದಗೊಂಡು ಸಿದ್ಧವಾಗುವ ಸಾಧನಗಳು ಒಂದೇ ದಿನದಲ್ಲಿ ಹೋದವು. ಮೂರು ವರ್ಷಗಳೊಳಗೆ ಇಶಿ ಒಬ್ಬನೇ ಉಳಿದ. ಸರ್ವೆ ಕಂಬವೆಂದರೇನೆಂದು ಶರಾವತಿ, ಕಾಳಿ ಕಣಿವೆಗಳ ಜನಕ್ಕೆ ಬಿಡಿಸಿ ಹೇಳಬೇಕಾಗಿಲ್ಲ.

1914ರ ಮೇ ತಿಂಗಳಲ್ಲಿ ಇಶಿ ತನ್ನ ಗೆಳೆಯರನ್ನು ಆ ಕಣಿವೆಗೆ ಕರೆದೊಯ್ದು ಪ್ರತಿ ಹಳ್ಳದ, ಪ್ರತಿ ಗುಡ್ಡದ ಹೆಸರು ಹೇಳಿದ. 1916ರ ಮಾರ್ಚ್ 25ರಂದು ಕ್ಷಯರೋಗದಿಂದ ತೀರಿಕೊಂಡ. ಅವನ ಇಷ್ಟಕ್ಕೆ ವಿರುದ್ಧವಾಗಿ ಶವಪರೀಕ್ಷೆ ನಡೆಸಿ ಮೆದುಳನ್ನು ತೆಗೆದಿಡಲಾಗಿತ್ತು. 2000ನೇ ಇಸವಿಯಲ್ಲಿ ಮಾತ್ರ ಅದು ಅವನ ಬಂಧುಕುಲದವರ ಕೈಸೇರಿತು. ಅವನ ಕಣಿವೆಯ ಒಂದು ಭಾಗ 1984ರಲ್ಲಿ 'ಇಶಿ ವನ್ಯಪ್ರದೇಶ' ಎಂದು ಸಂರಕ್ಷಿತವಾಯಿತು. ಜಿಂಕೆಗಳು ಅಲ್ಲಿವೆ. ವಸಂತದಲ್ಲಿ ಏರಿಬರುವ ಸಾಲ್ಮನ್ ಮೀನುಗಳಿಗೆ ಉಳಿದಿರುವ ಕೆಲವೇ ಆಸರೆಗಳಲ್ಲಿ ಡಿಯರ್ ಕ್ರೀಕ್ ಹೊಳೆಯೂ ಒಂದು. ಆ ಮಣ್ಣಿನ ಮಾತು ಬಲ್ಲ ಯಾಹಿ ಮಾತ್ರ ಇಲ್ಲ. ಕಾಡನ್ನು ಉಳಿಸುವುದು ಎಂದರೆ ಬೇಲಿ ಹಾಕುವುದಷ್ಟೇ ಅಲ್ಲವೆಂದು ನಾನು ಹೇಳುವುದು ಇದಕ್ಕಾಗಿ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಕೆಲಸ. ಈ ರಜೆಯಲ್ಲಿ ನಿಮ್ಮ ಊರಿನ ಹಿರಿಯರ ಬಳಿ ಕುಳಿತುಕೊಳ್ಳಿ. ನೇಗಿಲಿಗೆ ಯಾವ ಮರ, ಕೊಡಲಿಯ ಕಾವಿಗೆ ಯಾವುದು, ಬುಟ್ಟಿಗೆ ಯಾವ ಬಳ್ಳಿ, ಬಿದಿರನ್ನು ಯಾವ ತಿಂಗಳಲ್ಲಿ ಕಡಿಯಬೇಕು, ಏಕೆ ಎಂದು ಕೇಳಿ ಬರೆದುಕೊಳ್ಳಿ. ಆ ಮರ ಈಗ ಊರಿನ ಯಾವ ಗುಡ್ಡದಲ್ಲಿದೆ, ಎಷ್ಟು ಉಳಿದಿದೆ ಎಂದು ಹೋಗಿ ನೋಡಿ ಎಣಿಸಿ. ಕಾಡಿನಲ್ಲಿ ಉರುಳು ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ. ಮುಂದೊಂದು ದಿನ ನಮ್ಮ ಕಣಿವೆಗೂ ಯಾರಾದರೂ ಅಳತೆಪಟ್ಟಿ ಹಿಡಿದು ಬಂದು ಇಲ್ಲಿ ಏನಿದೆ ಎಂದು ಕೇಳಿದರೆ, ಉತ್ತರ ನಿಮ್ಮ ನೋಟ್ ಪುಸ್ತಕದಲ್ಲಿ ಸಿದ್ಧವಾಗಿರಬೇಕು.