ನೋಡಲಿಕ್ಕ ಛಲೋನೇ ಇದ್ದಾನಲ್ಲ!

ಬಸವಕಲ್ಯಾಣ, ಹುಮನಾಬಾದ ತಾಲೂಕುಗಳ ಮಾನಸಿಕ ಅಸ್ವಸ್ಥರ ಮನೆಮಂದಿಯ ಸಮಾವೇಶದಲ್ಲಿ ಮಾಡಿದ ಅಧ್ಯಕ್ಷ ಭಾಷಣ



ಅಧ್ಯಕ್ಷತೆಗೆ ಡಾಕ್ಟರನ್ನೋ ವಕೀಲರನ್ನೋ ಕರೆಯಿರಿ ಎಂದು ಸಂಘಟಕರಿಗೆ ಹೇಳಿದ್ದೆ. ಕೇಳಲಿಲ್ಲ. ‘ನಿಮ್ಮ ಅರ್ಜಿ ಒಮ್ಮೆ ರಿಜೆಕ್ಟ್ ಆಗಿತ್ತಲ್ಲ ಸರ್, ಅಷ್ಟು ಸಾಕು’ ಅಂದರು. ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವನಿಗೆ ಕೊನೆಗೆ ಒದಗಿದ ಅರ್ಹತೆ ಇದು.

2019ರ ಮಾತು. ನನ್ನ ತಮ್ಮನನ್ನು ಅಂಗವೈಕಲ್ಯ ಪ್ರಮಾಣಪತ್ರಕ್ಕಾಗಿ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಅವನಿಗೆ ಸ್ಕಿಜೋಫ್ರೇನಿಯಾ. ಆಗಲೇ ಹದಿನಾಲ್ಕು ವರ್ಷವಾಗಿತ್ತು. ಅವ್ವ ನಸುಕಿನ ನಾಲ್ಕಕ್ಕೆ ಎದ್ದು ನೀರು ಕಾಸಿದಳು. ‘ಡಾಕ್ಟರ್ ಸಾಹೇಬರ ಮುಂದ ಹೊಲಸ ಅರಬಿ ಮ್ಯಾಲ ಹೋಗಬ್ಯಾಡ’ ಅಂತ ಅವನನ್ನು ಪುಸಲಾಯಿಸಿ, ಗದರಿಸಿ, ಕಡೆಗೆ ಅತ್ತು, ಎರಡು ವಾರದ ಮೇಲೆ ಸ್ನಾನ ಮಾಡಿಸಿದಳು. ಗಡ್ಡ ನಾನು ತೆಗೆದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಗೆ ವಿಭೂತಿ. ಸಸ್ತಾಪುರ ಬಂಗ್ಲಾದಲ್ಲಿ ಬಸ್ಸು ಹತ್ತಿದಾಗ ಕಂಡಕ್ಟರ್ ಅವನನ್ನೇ ಮೇಷ್ಟ್ರು ಅಂದುಕೊಂಡು ‘ಸರ್, ಚಿಲ್ಲರ ಅದ ಏನ್ರಿ’ ಎಂದು ಕೇಳಿದ.

ಕೋಣೆಯೊಳಗೆ ಏಳೆಂಟು ನಿಮಿಷ. ಹೆಸರು, ಊರು, ವಾರ ಯಾವುದು, ಮುಖ್ಯಮಂತ್ರಿ ಯಾರು. ಎಲ್ಲಕ್ಕೂ ಸರಿಯಾದ ಉತ್ತರ. ಊಟ ಮಾಡ್ತೀಯಾ? ಹೂಂ. ನಿದ್ದೆ ಬರ್ತದಾ? ಹೂಂ. ಪರೀಕ್ಷೆ ಮಾಡಿದವರು ಅವ್ವನ ಕಡೆ ತಿರುಗಿ, ‘ನೋಡಲಿಕ್ಕ ಛಲೋನೇ ಇದ್ದಾನಲ್ಲಮ್ಮ’ ಅಂದರು. ಅವ್ವನಿಗೆ ಖುಷಿಯಾಯಿತು. ಮಗನನ್ನು ಯಾರಾದರೂ ಛಲೋ ಇದ್ದಾನೆ ಅಂದು ಎಷ್ಟು ಕಾಲವಾಗಿತ್ತೋ! ‘ಹೌದ್ರಿ, ದೇವರ ದಯಾ’ ಅಂದಳು. ನಮ್ಮ ಅರ್ಜಿ ಬಿದ್ದುಹೋದದ್ದು ಅಲ್ಲೇ. ಶೇಕಡಾ 40ಕ್ಕಿಂತ ಕಡಿಮೆ ಅಂತ ಬರೆದರು. 40 ಇಲ್ಲದಿದ್ದರೆ ಪಗಾರ, ಅಂದರೆ ಮಾಸಾಶನ, ಇಲ್ಲ.

ಆ ಆಸ್ಪತ್ರೆಯ ಹೆಸರು ಹೇಳುವುದಿಲ್ಲ. ಹೊರಗೆ ಇನ್ನೂ ಅರವತ್ತು ಜನ ಕೂತಿದ್ದರು, ಒಳಗೆ ಒಬ್ಬರೇ ಡಾಕ್ಟರ್.

ಮೇಷ್ಟ್ರ ಚಾಳಿ ನೋಡಿ, ಸೊನ್ನೆ ಸುತ್ತಿದ ಉತ್ತರ ಪತ್ರಿಕೆಯನ್ನು ನೋಡದೆ ನಿದ್ದೆ ಬರುವುದಿಲ್ಲ. ತನ್ನ ವೈದ್ಯಕೀಯ ದಾಖಲೆ ಪಡೆಯುವ ಹಕ್ಕು ರೋಗಿಗಿದೆ ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 25ನೇ ಕಲಂ ಹೇಳುತ್ತದೆ. ತಮ್ಮನ ಸಹಿ ಹಾಕಿಸಿ ಅರ್ಜಿ ಕೊಟ್ಟೆ. ಮಾರ್ಕ್ಸ್ ಶೀಟ್ ಕೈಗೆ ಬಂತು. ಹೌದು, ಅದು ಮಾರ್ಕ್ಸ್ ಶೀಟೇ. ಐಡಿಯಾಸ್ ಎನ್ನುವ ಮಾಪನ ಅದು, ಭಾರತೀಯ ಮನೋವೈದ್ಯರ ಸಂಘದ ಪುನರ್ವಸತಿ ಸಮಿತಿ ರೂಪಿಸಿದ್ದು. ನಾಲ್ಕು ವಿಷಯ: ತನ್ನ ಮೈಕೈ ತಾನು ನೋಡಿಕೊಳ್ಳುವುದು, ಜನರೊಂದಿಗೆ ಬೆರೆಯುವುದು, ಮಾತು ಮತ್ತು ತಿಳಿವಳಿಕೆ, ಕೆಲಸ. ಪ್ರತಿಯೊಂದಕ್ಕೂ ಸೊನ್ನೆಯಿಂದ 4. ಕಾಯಿಲೆ ಎಷ್ಟು ಕಾಲದ್ದು ಎಂಬುದಕ್ಕೆ 1ರಿಂದ 4. ಒಟ್ಟು 20. ನಮ್ಮ ಶಾಲೆಯಲ್ಲಿ ಹೆಚ್ಚು ಅಂಕ ಬಂದವನು ಜಾಣ, ಇಲ್ಲಿ ಹೆಚ್ಚು ಬಂದಷ್ಟೂ ಕಷ್ಟ ಹೆಚ್ಚು. 7 ಬಂದರೆ ಶೇಕಡಾ 40.

ನನ್ನ ತಮ್ಮನಿಗೆ 6 ಬಂದಿತ್ತು.

34 ಬಂದ ಹುಡುಗನಿಗೆ ಒಂದು ಗ್ರೇಸ್ ಮಾರ್ಕ್ ಕೊಟ್ಟು ದಡ ಹತ್ತಿಸಿದವನು ನಾನು. ಹಾಳೆಯನ್ನು ಅವತ್ತು ರಾತ್ರಿ ಮತ್ತೆ ಮತ್ತೆ ಕೂಡಿದೆ. ಮೈಕೈ ನೋಡಿಕೊಳ್ಳುವುದಕ್ಕೆ ಸೊನ್ನೆ. ಆ ಸೊನ್ನೆ ಅವ್ವ ಕಾಸಿದ ಬಿಸಿನೀರಿನದು, ನಾನು ಮಾಡಿದ ಇಸ್ತ್ರಿಯದು. ಕಾಯಿಲೆಯ ಅವಧಿಗೆ 2. ಹದಿನಾಲ್ಕು ವರ್ಷದ ಕಾಯಿಲೆಗೆ 4 ಬರಬೇಕು, ಆದರೆ ನಾವು ಒಯ್ದಿದ್ದ ಚೀಟಿಗಳು ಹಿಂದಿನ ಮೂರು ವರ್ಷದವು ಮಾತ್ರ. ಹಳೆಯವು ಎಲ್ಲಿ ಹೋದವು? ತಂಗಿಯ ಲಗ್ನದ ಮಾತುಕತೆಗೆ ಬೀಗರು ಬರುವ ಹಿಂದಿನ ದಿನ, ಆಸ್ಪತ್ರೆಯ ಕಾಗದವನ್ನೆಲ್ಲ ಒಲೆಗೆ ಹಾಕಿದ್ದೆವು. ಹಾಕಿದವನು ನಾನೇ. ಆ ಎರಡು ಅಂಕ ಇದ್ದಿದ್ದರೆ ಮೊದಲ ಸಲವೇ 8 ಆಗುತ್ತಿತ್ತು.

ಈ ಸಭೆಯಲ್ಲಿ ಹೀಗೆ ಒಲೆಗೆ ಹಾಕಿದವರು ನಾನೊಬ್ಬನೇ ಇರಲಿಕ್ಕಿಲ್ಲ. ತಲೆ ತಗ್ಗಿಸಬೇಡಿ. ಆಸ್ಪತ್ರೆಯಲ್ಲಿ ಹೊರರೋಗಿ ನಂಬರು ಇರುತ್ತದೆ, ರಿಜಿಸ್ಟರ್ ಇರುತ್ತದೆ, ಅರ್ಜಿ ಕೊಟ್ಟು ನಕಲು ಕೇಳಿ. ನಾನು ಹಾಗೆಯೇ ಮೊದಲ ವರ್ಷದ ದಾಖಲೆ ತೆಗೆಸಿದೆ.

ಆಮೇಲೆ ಒಂದು ಪಟ್ಟಿ ತಂದೆ, ಇನ್ನೂರು ಪುಟದ ಲೆಕ್ಕದ ಪಟ್ಟಿ. ಅವ್ವನಿಗೆ ಓದು ಬರಹ ಬಾರದು. ಅವಳು ಹೇಳಿದಳು, ಮೊಮ್ಮಗಳು ಬರೆದಳು. ಒಂದು ಪುಟ ಓದುತ್ತೇನೆ: ‘ಬುಧವಾರ. ಮೂರು ಸಲ ಹೇಳಿದ ಮ್ಯಾಲ ಮಾರಿ ತೊಳೆದ. ಹೊಲಕ್ಕ ಕಳಿಸಿದರ ಅರ್ಧ ದಾರಿಗೆ ತಿರುಗಿ ಬಂದ, ತೊಗರಿ ಹೊಲದಾಗ ಯಾರೋ ಕರೀಲಿಕ್ಕತ್ಯಾರ ಅಂದ. ರಾತ್ರಿ ಉಣಲಿಲ್ಲ, ಅನ್ನದಾಗ ಏನೋ ಹಾಕೀರಿ ಅಂದ. ನಾ ಮೊದಲ ಉಂಡು ತೋರಿಸಿದೆ.’ ನಲವತ್ತು ದಿನ ಹೀಗೆ ಬರೆದರು. ಒಂದು ಉತ್ಪ್ರೇಕ್ಷೆ ಇಲ್ಲ. ಛಲೋ ಇದ್ದ ದಿನವನ್ನೂ ಬರೆದಿದ್ದಾರೆ: ‘ಇವತ್ತು ನಕ್ಕ.’

ಪ್ರಮಾಣಪತ್ರ ಕೊಡುವವರ ತೀರ್ಮಾನ ಒಪ್ಪದಿದ್ದರೆ, ರಾಜ್ಯ ಸರ್ಕಾರ ಗೊತ್ತುಮಾಡಿದ ಪ್ರಾಧಿಕಾರಕ್ಕೆ ಮೇಲ್ಮನವಿ ಹಾಕಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 59ನೇ ಕಲಂ ಅದು. ಹಾಕಿದೆ. ಮರುಪರೀಕ್ಷೆಯಾಯಿತು. ಈ ಸಲ ಅವನು ಇದ್ದ ಹಾಗೆಯೇ ಹೋದ. ಆ ದಿನ ಬಂದ ಡಾಕ್ಟರಮ್ಮ ಪಟ್ಟಿಯನ್ನು ಪುಟ ತಿರುವಿ ಓದಿದರು, ಅವ್ವನನ್ನು ಬೇರೆ ಕೂರಿಸಿ ಕೇಳಿದರು. 12 ಬಂತು. ಅಂಗವೈಕಲ್ಯದ ಹಳದಿ ಕಾರ್ಡು ಬಂತು. ತಿಂಗಳಿಗೆ 800 ರೂಪಾಯಿ ಪಗಾರ ಶುರುವಾಗಲು ನಾಡಕಚೇರಿಗೆ ಇನ್ನೂ ಐದು ಸಲ ಅಡ್ಡಾಡಬೇಕಾಯಿತು. ಆ ಪುರಾಣ ಬೇಡ, ನಿಮಗೂ ಗೊತ್ತಿರುವುದೇ.

ಬ್ರಿಟನ್ನಿನಲ್ಲಿ ಕೂಡ ಅಂಗವೈಕಲ್ಯದ ಭತ್ಯೆ ನಿರಾಕರಿಸಲ್ಪಟ್ಟು ನ್ಯಾಯಮಂಡಳಿಯವರೆಗೆ ಹೋದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಗೆದ್ದಿದ್ದಾರೆ. ಅಂದರೆ ಮೊದಲ ಕೋಣೆಯಲ್ಲಿ ತಪ್ಪಾಗುವುದು ನಮ್ಮ ಬೀದರ ಜಿಲ್ಲೆಯ ಶಾಪವೇನಲ್ಲ. ಅಲ್ಲಿಯವರು ಕಾಗದ ಹಿಡಿದು ಮತ್ತೆ ಹೋಗುತ್ತಾರೆ, ನಾವು ‘ಆಗಂಗಿಲ್ಲ ಅಂದ್ರು’ ಅಂತ ಮನೆಗೆ ಬರುತ್ತೇವೆ. ಬಾಯಿಮಾತಿನ ‘ಆಗಂಗಿಲ್ಲ’ ಒಪ್ಪಬೇಡಿ. ಅನರ್ಹ ಎಂದರೆ ಕಾರಣವನ್ನು ಬರೆದು ಕೊಡಬೇಕು ಎಂದು ಅದೇ ವಿಕಲಚೇತನರ ಹಕ್ಕುಗಳ ಕಾಯ್ದೆಯ 2017ರ ನಿಯಮಗಳೇ ಹೇಳುತ್ತವೆ. ಬರೆಯಲು ಕೈ ಬಾರದಿದ್ದರೆ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಮಗನ ಕಾರ್ಡು ಇನ್ನೂ ಆಗಿಲ್ಲ ಎಂದರೂ ತಾಯಿ ಹೋಗಬಹುದು, ಹೆಂಗಸು ಎಂಬ ಒಂದೇ ಕಾರಣಕ್ಕೆ ಆಕೆಗೆ ವಕೀಲರ ನೆರವು ಉಚಿತ.

ಇನ್ನೊಂದು ಗೊಂದಲ ಕೌಂಟರುಗಳಲ್ಲಿದೆ. ‘ಬುದ್ಧಿಮಾಂದ್ಯ ಅಲ್ಲವಲ್ಲ, ಹಾಗಾದರೆ ಇಲ್ಲ’ ಎನ್ನುತ್ತಾರೆ. ಬುದ್ಧಿಮಾಂದ್ಯ ಬೇರೆ, ಮಾನಸಿಕ ಕಾಯಿಲೆ ಬೇರೆ. 1995ರ ಅಂಗವಿಕಲರ ಕಾಯ್ದೆಯೇ ಎರಡನ್ನೂ ಬೇರೆ ಬೇರೆಯಾಗಿ ಹೇಳಿತ್ತು, ಈಗಿನ 21 ವೈಕಲ್ಯಗಳ ಪಟ್ಟಿಯಲ್ಲೂ ಎರಡೂ ಇವೆ. ಆದರೆ ಸುಳ್ಳು ಆಸೆ ಹುಟ್ಟಿಸಲಾರೆ, ಕೆಲವು ಬಾಗಿಲು ನಿಜಕ್ಕೂ ಮುಚ್ಚಿವೆ. ನ್ಯಾಷನಲ್ ಟ್ರಸ್ಟಿನ 1999ರ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆ ಸೇರಿಲ್ಲ, ಹಾಗಾಗಿ ಅದರ ನಿರಾಮಯ ವಿಮೆ ನಮಗೆ ದಕ್ಕದು. ರೈಲ್ವೆ ರಿಯಾಯಿತಿ ಬುದ್ಧಿಮಾಂದ್ಯರಿಗುಂಟು, ನಮ್ಮವರಿಗಿಲ್ಲ. 2017ರಲ್ಲಿ ಬೀದರ–ಕಲಬುರಗಿ ರೈಲು ಹುಮನಾಬಾದಿನ ಮೇಲೆ ಓಡತೊಡಗಿದಾಗ ನಾವೂ ಹಿಗ್ಗಿದ್ದೆವು.

ಈಗ ಈ ಬಸವಕಲ್ಯಾಣದ ಮಾತು. ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ‘ಮಿತಾಕ್ಷರ’ ಬರೆದದ್ದು ಇದೇ ಕಲ್ಯಾಣದಲ್ಲಿ. ಹುಚ್ಚು ಹಿಡಿದವನಿಗೆ ಆಸ್ತಿಯಲ್ಲಿ ಪಾಲಿಲ್ಲ, ಆದರೆ ಅವನಿಗೆ ಅನ್ನಬಟ್ಟೆ ಕೊಟ್ಟು ಸಾಕಲೇಬೇಕು, ಔಷಧದಿಂದ ಗುಣವಾದರೆ ಪಾಲು ಕೊಡಬೇಕು ಎನ್ನುತ್ತದೆ ಆ ಗ್ರಂಥ. ಕಾಯಿಲೆಯ ನೆಪದಲ್ಲಿ ಪಾಲು ತಪ್ಪಿಸುವ ಆ ನಿಯಮ ಪೂರ್ತಿ ಅಳಿದದ್ದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೇ ಕಲಮಿನಿಂದ. ಕಾಗದದ ಮೇಲೆ ಅಳಿಯಿತು. ಆಸ್ತಿಯ ವಾಟಣಿ ದಿನ ನಮ್ಮ ಹಳ್ಳಿಗಳಲ್ಲಿ ಏನಾಗುತ್ತದೆ ಎಂದು ನಿಮಗೆ ಹೇಳಬೇಕೆ? ಪಾಲೂ ಇಲ್ಲ, ವಿಜ್ಞಾನೇಶ್ವರ ಹೇಳಿದ ಸಾಕುವಿಕೆಯೂ ಇಲ್ಲ. ಅದಕ್ಕೇ ಕೆಲವು ತಾಯಂದಿರು ಕಾರ್ಡಿಗೇ ಹೆದರುತ್ತಾರೆ: ‘ಹುಚ್ಚ ಅಂತ ಸರ್ಕಾರನೇ ಬರದ್ರ ಹೊಲ ಹೋಗ್ತದ’. ಹೋಗುವುದಿಲ್ಲ ತಾಯಿ. ಈ ಕಾರ್ಡಿನಿಂದ ಯಾರ ಪಾಲೂ ರದ್ದಾಗುವುದಿಲ್ಲ.

ಅನುಭವ ಮಂಟಪದ ಊರಲ್ಲಿ ನಿಂತು ಇನ್ನೊಂದು ಒರಟು ಮಾತು ಹೇಳಿಬಿಡುತ್ತೇನೆ. ಕಾಯಕ ಎಂಬ ಶಬ್ದವನ್ನು ನಾವು ಕಾಯಿಲೆಯವರ ಬೆನ್ನಿಗೆ ಬಾರುಕೋಲು ಮಾಡಿಕೊಂಡಿದ್ದೇವೆ. ‘ಗಟ್ಟಿಮುಟ್ಟ ಇದ್ದಾನ, ದುಡೀಲಿಕ್ಕ ಏನಾಗ್ಯದ?’ ಶರಣರು ಅದರ ಪಕ್ಕದಲ್ಲೇ ದಾಸೋಹವನ್ನೂ ಇಟ್ಟಿದ್ದರು. ಇತ್ತ, ಕೆಲಸ ಮಾಡುತ್ತಿದ್ದವನ ಕಾಯಿಲೆಯನ್ನು ಯಾರೂ ನಂಬುವುದಿಲ್ಲ. ರವೀಂದರ್ ಕುಮಾರ್ ಧಾರೀವಾಲ್ ಎಂಬವರು ಸಿಆರ್‌ಪಿಎಫ್ ಅಧಿಕಾರಿ. ಗೀಳು ಕಾಯಿಲೆ, ಖಿನ್ನತೆ ಎರಡೂ ಇದ್ದವು. ಅವರ ನಡತೆಯ ಮೇಲೆ ಇಲಾಖೆ ಶಿಸ್ತುಕ್ರಮ ಹೂಡಿತು. ಮಾನಸಿಕ ವೈಕಲ್ಯ ಇರುವವರ ಮೇಲೆ ಹೀಗೆ ಕ್ರಮ ಹೂಡುವುದು ಪರೋಕ್ಷ ತಾರತಮ್ಯ ಎಂದು ಸುಪ್ರೀಂ ಕೋರ್ಟು 2021ರ ಡಿಸೆಂಬರ್ 17ರಂದು ಹೇಳಿತು. ಸಮವಸ್ತ್ರ ತೊಟ್ಟವರೂ ನಮ್ಮ ಸಾಲಿನಲ್ಲಿ ಇದ್ದಾರೆ.

ಗುಳಿಗೆಯ ಮಾತು ಹೇಳದಿದ್ದರೆ ತಪ್ಪಾದೀತು. ತೀರ್ಥಹಳ್ಳಿ ತಾಲೂಕಿನಲ್ಲಿ ನಿಮ್ಹಾನ್ಸ್‌ನವರು ಸ್ಕಿಜೋಫ್ರೇನಿಯಾ ಇದ್ದವರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿ, ಬಿಡದೆ ಔಷಧ ತೆಗೆದುಕೊಂಡರೆ ವೈಕಲ್ಯ ಇಳಿಯುತ್ತದೆ ಎಂದು ಕಂಡುಕೊಂಡಿದ್ದಾರೆ. ಸಂತೋಷದ ಸುದ್ದಿ. ಆದರೆ ಅಂಕ ಇಳಿದರೆ ಪಗಾರ ನಿಲ್ಲುತ್ತದೆ, ಪಗಾರ ನಿಂತರೆ ಬಸ್ಸಿನ ಖರ್ಚಿಗಿಲ್ಲ, ಗುಳಿಗೆ ತಪ್ಪುತ್ತದೆ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ನವೀಕರಣದ ತಿಂಗಳು ಗುಳಿಗೆಯನ್ನೇ ನಿಲ್ಲಿಸಿದರು. ಹುಡುಗ ಬಾವಿಯ ಕಟ್ಟೆಯ ತನಕ ಹೋಗಿದ್ದ. ಪ್ರಮಾಣಪತ್ರಕ್ಕಾಗಿ ಔಷಧ ನಿಲ್ಲಿಸಬೇಡಿ, ನಟನೆ ಕಲಿಸಬೇಡಿ, ‘ಪರ್ಸೆಂಟೇಜ್ ಹಾಕಿಸಿಕೊಡ್ತೀನಿ’ ಎನ್ನುವ ದಲ್ಲಾಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಮೋಸದಿಂದ ಸೌಲಭ್ಯ ಪಡೆದವರಿಗೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ ಎಂದು ಅದೇ 2016ರ ಕಾಯ್ದೆ ಹೇಳುತ್ತದೆ. ದಲ್ಲಾಳಿ ತಪ್ಪಿಸಿಕೊಳ್ಳುತ್ತಾನೆ, ಸಿಕ್ಕಿಬೀಳುವವರು ನಾವು.

ಸರ್ಕಾರಕ್ಕೆ ನಾನು ಕೇಳುವುದು ದೊಡ್ಡದೇನಲ್ಲ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರಬೇಕು ಎಂಬ ವ್ಯವಸ್ಥೆ 2014ರಿಂದ ಇದೆ. ಔಷಧ ಕೊಡುವ ಆ ಮೇಜಿನ ಮೇಲೆಯೇ ವೈಕಲ್ಯದ ಅಂಕವನ್ನೂ ಹಾಕಲಿ. ತಿಂಗಳು ತಿಂಗಳು ನೋಡುವ ಡಾಕ್ಟರಿಗೆ ತಿಳಿದಷ್ಟು, ಎಂಬತ್ತು ಕಿಲೋಮೀಟರ್ ದೂರದ ಬೀದರಿನಲ್ಲಿ ಏಳು ನಿಮಿಷ ನೋಡುವವರಿಗೆ ಹೇಗೆ ತಿಳಿದೀತು? ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ಮನೆ ನೋಡಿ ಬರೆದ ವರದಿಯನ್ನೂ ಕಡತಕ್ಕೆ ಸೇರಿಸಿಕೊಳ್ಳಲಿ. ಅವರು ನಮ್ಮ ಓಣಿಯವರೇ, ಯಾರು ಯಾವಾಗ ಸ್ನಾನ ಮಾಡಿದರು ಎನ್ನುವುದು ಅವರಿಗೆ ಗೊತ್ತಿರುತ್ತದೆ.

ಊಟದ ಹೊತ್ತಾಗಿದೆ. ಊಟದ ಮೇಲೆ ಹಿಂದಿನ ಕೋಣೆಯಲ್ಲಿ ಕೂರುತ್ತೇನೆ. ತಿರಸ್ಕಾರದ ಕಾಗದ ಇದ್ದವರು ತನ್ನಿ, ಇಲ್ಲದವರು ಹಾಗೆಯೇ ಬನ್ನಿ, ಕಾರಣ ಕೇಳುವ ಅರ್ಜಿಯನ್ನು ಅಲ್ಲೇ ಕೂತು ಬರೆಯೋಣ. ಅವ್ವನ ಪಟ್ಟಿಯನ್ನೂ ತಂದಿದ್ದೇನೆ, ನೋಡಬಹುದು. ಕೊನೆಯ ಎಂಟು ಪುಟ ಮಾತ್ರ ಬಿಟ್ಟುಬಿಡಿ, ಅದರಲ್ಲಿ ನನ್ನ ತಮ್ಮ ತಾನೇ ಬರೆದಿದ್ದಾನೆ. ಯಾರಿಗೂ ತೋರಿಸಬೇಡ ಅಂದಿದ್ದಾನೆ.