ನೆರೆಯವರೇ ಮೊದಲ ಆಸರೆ



ನೂರು ವರ್ಷಗಳ ಹಿಂದೆ ನಮ್ಮ ಹಿರಿಯರು ಈ ದೇವಾಲಯವನ್ನು ಕಟ್ಟಿ ನಮ್ಮ ಕೈಗಿತ್ತರು. ಇದರೊಳಗೆ ಸೇರುವ ಸಮುದಾಯವನ್ನು ಬಲಪಡಿಸುವ ಬಗೆಯನ್ನು ಈ ಶುಭಸಮಯದಲ್ಲಿ ನಾವು ಆಲೋಚಿಸಬೇಕಾಗಿದೆ. ವಿಪತ್ತು ಬಂದಾಗ, ಅನ್ಯಾಯ ನಡೆದಾಗ, ಹೊರಗಿನವರ ದಾರಿಯನ್ನೇ ಕಾಯುವ ಊರು ಎಷ್ಟು ಸಂಪನ್ನವಾಗಿದ್ದರೂ ದುರ್ಬಲವೇ ಸರಿ.

ಇದಕ್ಕೆ ಒಡಿಶಾ ರಾಜ್ಯದ ಅನುಭವವೇ ಸಾಕ್ಷಿ. 1999ರ ಅಕ್ಟೋಬರ್ 29ರಂದು ಅಲ್ಲಿನ ಕರಾವಳಿಗೆ ಅಪ್ಪಳಿಸಿದ ಚಂಡಮಾರುತಕ್ಕೆ ಸುಮಾರು 10,000 ಜನ ಬಲಿಯಾದರು. ಮುನ್ಸೂಚನೆ ಇರಲಿಲ್ಲವೆಂದಲ್ಲ, ಅದನ್ನು ಕೇಳಿದವರು ಎಲ್ಲಿಗೆ ಓಡಬೇಕು, ನಡೆಯಲಾರದ ವೃದ್ಧರನ್ನು ಯಾರು ಹೊತ್ತೊಯ್ಯಬೇಕು ಎಂಬುದಕ್ಕೆ ಬಹುತೇಕ ಹಳ್ಳಿಗಳಲ್ಲಿ ಉತ್ತರವಿರಲಿಲ್ಲ. ಆನಂತರ ತೀರದುದ್ದಕ್ಕೂ ನೂರಾರು ಆಶ್ರಯತಾಣಗಳು ಎದ್ದವು. ಅವುಗಳ ಹೊಣೆಯನ್ನು ಹಳ್ಳಿಯವರ ಸಮಿತಿಗಳೇ ಹೊತ್ತವು. ತರುಣ ತರುಣಿಯರು ರಕ್ಷಣಾಕಾರ್ಯವನ್ನೂ ಪ್ರಥಮ ಚಿಕಿತ್ಸೆಯನ್ನೂ ಕಲಿತರು. 2013ರ ಅಕ್ಟೋಬರ್‌ನಲ್ಲಿ ಫೈಲಿನ್ ಎಂಬ ಘೋರ ಚಂಡಮಾರುತ ಬಂದಾಗ ಸುಮಾರು 10 ಲಕ್ಷ ಜನರು ಮುಂಚಿತವಾಗಿಯೇ ಸುರಕ್ಷಿತ ಸ್ಥಳಗಳನ್ನು ಸೇರಿದರು. ಮಡಿದವರ ಸಂಖ್ಯೆ ನೂರನ್ನು ಮುಟ್ಟಲಿಲ್ಲ. ಗಾಳಿಯನ್ನು ತಡೆಯುವ ಶಕ್ತಿ ಮನುಷ್ಯನಿಗಿಲ್ಲ. ಅದನ್ನು ಎದುರಿಸಲು ಸಿದ್ಧನಾಗುವ ಶಕ್ತಿಯಿದೆ.

ಅನ್ಯಾಯದ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. ರಾಜಸ್ಥಾನದಲ್ಲಿ 1990ರಲ್ಲಿ ಹುಟ್ಟಿದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯು, ಕೂಲಿಗಾರರಿಗೆ ನ್ಯಾಯವಾದ ಕೂಲಿ ಏಕೆ ದೊರೆಯುತ್ತಿಲ್ಲವೆಂದು ಕೇಳಿತು. 1994ರ ಡಿಸೆಂಬರ್‌ನಲ್ಲಿ ಪಾಲಿ ಜಿಲ್ಲೆಯ ಕೋಟ್ ಕಿರಾನಾದಲ್ಲಿ ಮೊದಲ ಜನವಿಚಾರಣೆಯನ್ನು ನಡೆಸಿ, ಕಾಮಗಾರಿಯ ಲೆಕ್ಕಪತ್ರಗಳನ್ನು ಊರ ಜನರೆದುರು ಗಟ್ಟಿಯಾಗಿ ಓದಿಸಿತು. ಕಾಗದದಲ್ಲಿದ್ದ ಸುಳ್ಳನ್ನು, ಓದುಬರಹ ಬಾರದ ಕೂಲಿಗಾರರೇ ಸಾಕ್ಷಿ ನುಡಿದು ಬಯಲಿಗೆಳೆದರು. ಒಬ್ಬನೇ ಕೇಳಿದ್ದರೆ ಅವನ ಬಾಯಿ ಮುಚ್ಚಿಸುವುದು ಸುಲಭವಿತ್ತು; ಊರೇ ಒಟ್ಟಾಗಿ ಕೇಳಿದಾಗ ಅದು ಸಾಧ್ಯವಾಗಲಿಲ್ಲ. ಇಂಥ ಹೋರಾಟಗಳ ಫಲವಾಗಿ 2005ರಲ್ಲಿ ಮಾಹಿತಿ ಹಕ್ಕು ಕಾಯಿದೆ ದೇಶಕ್ಕೆಲ್ಲ ದೊರೆಯಿತು.

ಹಾಗಾದರೆ ನಾವು ಮಾಡಬೇಕಾದುದೇನು? ನಮ್ಮ ಪ್ರತಿಯೊಂದು ಕಿರು ಕ್ರೈಸ್ತ ಸಮುದಾಯವೂ ತನ್ನ ಬೀದಿಯ ವೃದ್ಧರು, ರೋಗಿಗಳು, ಅಂಗವಿಕಲರು, ಒಂಟಿಯಾಗಿರುವವರು ಯಾರೆಂಬುದನ್ನು ಅರಿತಿರಲಿ. ಆ ಪಟ್ಟಿಯಲ್ಲಿ ಜಾತಿ ಮತಗಳ ಭೇದ ಬೇಡ. ನಮ್ಮ ಯುವಜನರು ಪ್ರಥಮ ಚಿಕಿತ್ಸೆಯನ್ನು ಕಲಿಯಲಿ. ಗ್ರಾಮಸಭೆಗೆ ಹೋಗಿ ಲೆಕ್ಕ ಕೇಳುವುದನ್ನು ರೂಢಿಸಿಕೊಳ್ಳೋಣ. ಮಾಹಿತಿ ಹಕ್ಕಿನ ಅರ್ಜಿಗೆ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡಬೇಕೆಂಬುದು ಕಾನೂನು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯು ಸ್ತ್ರೀಯರಿಗೂ ಪರಿಶಿಷ್ಟ ಜಾತಿ ಪಂಗಡದವರಿಗೂ ಕೈಗಾರಿಕಾ ಕಾರ್ಮಿಕರಿಗೂ ಮಾತ್ರವಲ್ಲ, ಪ್ರವಾಹ, ಬರ, ಭೂಕಂಪಗಳಲ್ಲಿ ನೊಂದವರಿಗೂ ಉಚಿತ ಕಾನೂನು ನೆರವನ್ನು ನೀಡಿದೆ. ಇದನ್ನು ಬಲ್ಲವರು ಬೀದಿಗೊಬ್ಬರಾದರೂ ಇರಬೇಕು.

ದಾನವು ದೊಡ್ಡದು. ಹಸಿದವನಿಗೆ ಅನ್ನವಿಕ್ಕುವುದನ್ನು ನಾವೆಂದೂ ಬಿಡಲಾಗದು. ಆದರೆ ಅವನ ಪಾಲಿನ ಅಕ್ಕಿ ಎಲ್ಲಿ ಹೋಯಿತೆಂದು ಅವನ ಜೊತೆಯಲ್ಲಿ ನಿಂತು ಕೇಳುವುದೂ ಪ್ರೀತಿಯ ಕಾರ್ಯವೇ. ಹಿರಿಯರು ಕಲ್ಲಿನ ಮೇಲೆ ಕಲ್ಲಿಟ್ಟರು. ನಾವು ಮನೆಗೆ ಮನೆಯನ್ನು ಜೋಡಿಸೋಣ. ಅದಕ್ಕೆ ಬೇಕಾದ ಧೈರ್ಯವನ್ನೂ ಒಗ್ಗಟ್ಟನ್ನೂ ದೇವರು ನಮಗೆಲ್ಲರಿಗೂ ದಯಪಾಲಿಸಲಿ.